ಲಾರೆನ್ಸನ ಕೋಣೆಯ ಗಾಳಿ

ಪ್ರೀಸ್ ಮೇಸ್ತ್ರಿ ಹಾರೆಯ ತುದಿಯಿಂದ ಮೀಟಿದ್ದೇ ತಡ, ಗೋಡೆಗೆ ಹೊದಿಸಿದ್ದ ಓಕ್ ಹಲಗೆ ಒಣಗಿದ ರೊಟ್ಟಿಯಂತೆ ಮುರಿದುಬಿತ್ತು. ಹಿಂದಿನ ಇಟ್ಟಿಗೆಯ ಮೇಲೆ, ಹತ್ತಿ ಹಿಂಜಿ ಅಂಟಿಸಿದ ಹಾಗೆ ಬೆಳ್ಳಗೆ ಏನೋ ಹರಡಿತ್ತು.

"ಮರ ತಿನ್ನೋ ಅಣಬೆ, ಅಮ್ಮಾವ್ರೇ," ಎಂದ ಪ್ರೀಸ್.

ಹಿಲ್ಡಾ ಬಾಗಿಲಲ್ಲೇ ನಿಂತಿದ್ದಳು. ಅದು ಅವಳ ಮಗ ಲಾರೆನ್ಸನ ಕೋಣೆ. ಯುದ್ಧಕ್ಕೆ ಹೋದವನು ಇಟಲಿಯಲ್ಲೇ ಮಣ್ಣಾದ. ಆ ಸಮಾಧಿಯನ್ನು ಅವಳು ಕಂಡವಳಲ್ಲ. ಸಾವಿನ ಸುದ್ದಿಯ ತಂತಿ ಬಂದ ದಿನದಿಂದ ಈ ಕೋಣೆಯೇ ಅವಳಿಗೆ ಸಮಾಧಿ. ಅವನು ಮಲಗೆದ್ದ ಹಾಸಿಗೆಯನ್ನು ಕದಲಿಸಿರಲಿಲ್ಲ. ಅವನ ವಾಸನೆ ಉಳಿಯಲಿ ಎಂದು ಕಿಟಕಿಯ ಸಂದುಗಳಿಗೆ ಕಾಗದ ಮೆತ್ತಿಸಿದ್ದಳು. ಕಾಗೆಗಳು ಹೊಗೆಗೂಡಿನಿಂದ ಮಸಿ ಉದುರಿಸುತ್ತವೆಂದು ಅದನ್ನೂ ಮುಚ್ಚಿಸಿದ್ದಳು. ಪ್ರತಿ ಭಾನುವಾರ ಚರ್ಚಿನಿಂದ ಬಂದು ಧೂಳು ಒರೆಸಿ, ಮಂಚದ ಬಳಿ ಮೊಣಕಾಲೂರುತ್ತಿದ್ದಳು.

"ನಾನೂರು ವರ್ಷ ನಿಂತ ಮನೆಗೆ ಈಗೇನು ಬಂತು?" ಎಂದಳು.

"ಒಳಗಿರೋದು ಹಳೇ ಮರದ ಮನೆ. ನಿಮ್ಮ ಯಜಮಾನರ ಮುತ್ತಜ್ಜ ಅದರ ಮುಂದೆ ಇಟ್ಟಿಗೆ ಗೋಡೆ ಎಬ್ಬಿಸಿದ್ರು. ಎರಡರ ಮಧ್ಯೆ ಸಂದು ಇದೆ."

ನಾದಿನಿ ಹೆಸ್ಟರ್ ಮೆಟ್ಟಿಲೇರಿ ಬಂದವಳು ನಕ್ಕಳು. "ಮೇಲೆ ಜಾರ್ಜ್ ರಾಜನ ಕೋಟು, ಒಳಗೆ ಹಿಂದಿನ ಕಾಲದ ಎಲಿಜಬೆತ್ ರಾಣಿಯ ಹರಕು ಲಂಗ! ನಮ್ಮ ಮನೆತನವೇ ಹಾಗೆ, ಅತ್ತಿಗೆ. ಬೀದಿಗೆ ಕಾಣೋದೊಂದು ಚೆನ್ನಾಗಿದ್ರೆ ಸಾಕು."

ಹಿಲ್ಡಾ ನಗಲಿಲ್ಲ. ಪ್ರೀಸ್ ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

"ಹೊಗೆಗೂಡಿನಿಂದ, ಕಿಟಕಿಯಿಂದ ಆ ಸಂದಿಗೆ ಗಾಳಿ ಆಡ್ತಿತ್ತು ಅಮ್ಮಾವ್ರೇ. ಅದು ನಿಂತ್ಹೋಯ್ತು. ಹೊಗೆಗೂಡಿಗೆ ಗೋಣಿಚೀಲ ತುರುಕಿದ್ದು ನಾನೇ. ನೀವು ಅಳ್ತಿದ್ರಿ. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಹಿಲ್ಡಾ ಮಂಚದತ್ತ ನೋಡಿದಳು. "ಹಾಸಿಗೆ ಮೇಲೆ ಕೆಂಪು ಧೂಳು ಕೂರ್ತಿತ್ತು. ಇಟ್ಟಿಗೆ ಪುಡಿ ಅಂತ ಒರೆಸ್ತಿದ್ದೆ."

"ಅಣಬೆ ಬೀಜ ಅದು."

"ಅದೇ ಬಟ್ಟೇಲಿ ಮೆಟ್ಟಿಲ ಕಟಕಟೆನೂ ಒರೆಸ್ತಿದ್ದೆ, ಪ್ರೀಸ್."

ಪ್ರೀಸ್ ಮೆಟ್ಟಿಲ ಕಡೆ ನೋಡಿದ. ಹೆಸ್ಟರ್ ಕಟಕಟೆಯ ಮೇಲಿಂದ ಕೈ ತೆಗೆದಳು.

ಹಲಗೆ, ತೊಲೆ, ನೆಲ, ಮಂಚ, ಬಟ್ಟೆಬರೆ ಎಲ್ಲವನ್ನೂ ಇವತ್ತೇ ಸುಡಬೇಕು, ಇಲ್ಲವಾದರೆ ಮನೆ ಉಳಿಯುವುದಿಲ್ಲ ಎಂದು ಅವನು ತಿಳಿಸಿದ. ಅಂಗಳದಲ್ಲಿ ಆಳುಗಳು ಕಾಯುತ್ತಿದ್ದರು. ಮಂಚವೊಂದನ್ನು ಬಿಡಲಾಗದೇ ಎಂದು ಹಿಲ್ಡಾ ಬೇಡಿದಳು. ದಿಂಬನ್ನಾದರೂ ಎಂದಳು. ಅವನು ಆಗದೆಂದು ತಲೆಯಾಡಿಸಿದ. ಸ್ವಾಮೀ, ಪ್ರೀತಿಯಿಂದ ಮಾಡಿದ್ದಲ್ಲವೇ ಎಂದು ದೇವರನ್ನು ಕೇಳಬೇಕೆಂದು ಅವಳಿಗೆ ಅನಿಸಿತು.

ಪ್ರೀಸ್ ಕಿಟಕಿಯ ಕಾಗದ ಹರಿದು ಚೌಕಟ್ಟನ್ನು ಗುದ್ದಿ ತೆರೆದ. ಮಾರ್ಚ್ ತಿಂಗಳ ಕುಳಿರ್ಗಾಳಿ ನುಗ್ಗಿತು. ಹಿಲ್ಡಾ ಉಸಿರನ್ನು ಆಳವಾಗಿ ಎಳೆದುಕೊಂಡಳು. ಒದ್ದೆ ಹುಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳು ಮಂಚದ ಬಳಿ ಹೋಗಿ ಹೊದಿಕೆ ಎತ್ತಿದಳು. ಮೂಲೆಗೆ ಮೂಲೆ ಸೇರಿಸಿ ಮಡಚತೊಡಗಿದಳು.

"ಮಡಚೋದು ಬೇಡ ಅಮ್ಮಾವ್ರೇ," ಎಂದ ಪ್ರೀಸ್ ಮೆಲ್ಲಗೆ. "ಅದೂ ಬೆಂಕಿಗೇ ಹೋಗುತ್ತೆ."

"ಗೊತ್ತು," ಎಂದಳು ಹಿಲ್ಡಾ. ಮಡಚುವುದನ್ನು ನಿಲ್ಲಿಸಲಿಲ್ಲ.