ಯಮನನ್ನು ಇಲವಾಲದ ಬಸ್ಸು ಹತ್ತಿಸಿದವರು

ಕೃಷ್ಣಮೂರ್ತಿಪುರಂನ ಮೃತ್ಯುಂಜಯಪ್ಪನವರು ಯಮನನ್ನು ಮೂರು ಸಲ ಸೋಲಿಸಿದ್ದರು. ಮೂರನೆಯ ಸಲವಂತೂ ಅವನ ಕೋಣವನ್ನು ಕಸಿದುಕೊಂಡು, ಕೈಗೊಂದು ಟಿಕೆಟ್ ಕೊಟ್ಟು ಇಲವಾಲದ ಬಸ್ಸು ಹತ್ತಿಸಿದ್ದರು. ಅನುಮಾನವಿದ್ದವರು ಬೆಟ್ಟದ ಕಲ್ಲುನಂದಿಯನ್ನು ಕೇಳಬಹುದು. ಆ ದೃಶ್ಯ ಕಂಡಂದಿನಿಂದ ಅದು ಬಾಯಿ ಬಿಟ್ಟಿಲ್ಲ.

ಪ್ರತಿ ಮಂಗಳವಾರ ಶುಗರ್ ಕ್ಲಿನಿಕ್ಕಿನ ಬೆಂಚಿನ ಮೇಲೆ ಅವರು ಈ ಕತೆ ಹೇಳುತ್ತಿದ್ದರು. ಕಾಯಿಲೆಗಳಲ್ಲೂ ಅವರಿಗೆ ಜಂಬ. ಶುಗರ್, ಬಿಪಿ, ಕೀಲುನೋವು, ಸೊರಗಿದ ಕಿಡ್ನಿ. "ಬೇರೆಯವರಿಗೆ ಒಂದೋ ಎರಡೋ. ನಮ್ಮದು ಅವಿಭಕ್ತ ಕುಟುಂಬ ಕಣ್ರೀ."

ಇವತ್ತು ಪಕ್ಕದಲ್ಲಿ ಕೂತವರು ಅಂಬುಜಮ್ಮ. ಹೆಬ್ಬಾಳದ ಕಾರ್ಖಾನೆಯಲ್ಲಿ ನಿಂತೂ ನಿಂತೂ ಮಂಡಿ ಸವೆಸಿಕೊಂಡವರು. ಮಡಿಲಲ್ಲಿ ಮೂರು ಕಾಯಿಲೆಗಳ ಮೂರು ಫೈಲು.

"ಯಮಂಗೆ ಸೀಟ್ ಸಿಕ್ತಾ?" ಎಂದು ಕೇಳಿದರು, ನಗದೆ.

"ಎಲ್ಲಿ ಬಂತು. ನಿಂತ್ಕೊಂಡೇ ಹೋದ."

ಅಂಬುಜಮ್ಮ ಫೈಲುಗಳನ್ನು ಬೆಂಚಿನ ಮೇಲಿಟ್ಟು ಎದ್ದರು. "ನನ್ನ ಸರದಿ ಯಾರಿಗಾದ್ರೂ ಕೊಟ್ಬುಡಿ. ಸಾಕಾಯ್ತು. ಹೋಗ್ತೀನಿ."

ಮೃತ್ಯುಂಜಯಪ್ಪನವರು ಕತೆ ನಿಲ್ಲಿಸಿದರು. ಮೂಲೆಯಂಗಡಿಗೆ ಕೊತ್ತಂಬರಿ ತರಲು ಹೊರಟವರೂ 'ಬರ್ತೀನಿ' ಅನ್ನುವ ಊರು ಇದು. ಜಗಳವಾಡಿ ಹೊರಟವರೂ ಹಾಗೇ ಅನ್ನುತ್ತಾರೆ. 'ಹೋಗ್ತೀನಿ' ಅನ್ನುವ ಮಾತಿನ ರುಚಿ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಬರ್ತೀನಿ ಅನ್ನಿ."

"ಏನೋ ಒಂದು."

"ಏನೋ ಒಂದಲ್ಲ ಕಣಮ್ಮ. ಜೀವ ಬೇಡ ಅನ್ನಿಸ್ತಾ ಇದೆಯಾ ನಿಮಗೆ?"

ಬೆಂಚಿಗೆ ಬೆಂಚೇ ಇತ್ತ ತಿರುಗಿತು.

"ನಿಮಗೇನು ಗೊತ್ತು ಸ್ವಾಮಿ," ಅಂದರು ಅಂಬುಜಮ್ಮ. "ಯಮನ್ನೇ ಗೆದ್ದೋರು."

ನಾಲ್ಕನೆಯ ಯುದ್ಧ ನಾಲಿಗೆಯ ತುದಿಯಲ್ಲೇ ಇತ್ತು, ಏಳು ಆನೆಗಳ ಸಮೇತ. ಆದರೆ ಬಾಗಿಲಲ್ಲಿ ನರ್ಸ್ ಧರಣಿ ನಿಂತಿದ್ದಳು. "ಅಪ್ಪಾಜಿ, ಇವತ್ತೊಂದಿನ ನಿಜ ಹೇಳ್ಬುಡಿ."

ಸಿಕ್ಕಿಬಿದ್ದ ಮೃತ್ಯುಂಜಯಪ್ಪನವರು ತಲೆ ಕೆರೆದುಕೊಂಡರು.

"ಯಮ ಬಂದಿರಲಿಲ್ಲ ಕಣಮ್ಮ. ನಾನೇ ಅವನ ವಿಳಾಸ ಹುಡುಕ್ತಿದ್ದೆ. ಒಂದು ಕಾಯಿಲೆಗೆ ನಾನು ಹೆದರಿದವನಲ್ಲ. ನಾಲ್ಕೂ ಸೇರಿ ಕೂತಾಗ, ಮನೆಯವರಿಗೆ ಭಾರ ಆಗ್ಬುಟ್ಟೆ ಅನ್ನಿಸ್ತು. ಹೋದ ವರ್ಷ ಇದೇ ಬಾಗಿಲಲ್ಲಿ 'ಹೋಗ್ತೀನಿ' ಅಂದೆ. ಈ ಧರಣಿ ಕೈ ಹಿಡ್ಕೊಂಡು, ಈಗ ನಾನು ನಿಮ್ಮನ್ನ ಕೇಳಿದ್ನಲ್ಲ, ಅದನ್ನೇ ಕೇಳಿದ್ಲು. ಹೌದು ಅಂದೆ. ನಾನು ಗೆದ್ದ ಯುದ್ಧ ಅದೊಂದೇ. ಈಗಲೂ ಆ ಯೋಚನೆ ಕೆಲವು ದಿನ ಬರುತ್ತೆ. ಬಂದ್ರೆ ಮನೇಲಿ ಹೇಳ್ತೀನಿ, ಇವಳಿಗೆ ಫೋನ್ ಮಾಡ್ತೀನಿ. ಬಂದಂಗೇ ಹೋಗುತ್ತೆ."

ಅಂಬುಜಮ್ಮ ಮತ್ತೆ ಬೆಂಚಿನ ಮೇಲೆ ಕೂತರು. ಆಮೇಲೆ, "ಹೌದು," ಅಂದರು. "ಅನ್ನಿಸ್ತಾ ಇದೆ."

ಧರಣಿ ಮೂರೂ ಫೈಲುಗಳನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವರ ಕೈ ಹಿಡಿದು ಒಳಗೆ ಕರೆದೊಯ್ದಳು. ಬಾಗಿಲಲ್ಲಿ ಅಂಬುಜಮ್ಮ ತಿರುಗಿದರು.

"ನನ್ನ ಜಾಗ ನೋಡ್ಕೊಳ್ಳಿ. ಬರ್ತೀನಿ."

ಆ ಒಂದು ಪದಕ್ಕೆ ಮೃತ್ಯುಂಜಯಪ್ಪನವರ ಎದೆ ದಸರಾ ಆನೆಯ ಬೆನ್ನಿನಷ್ಟು ಅಗಲವಾಯಿತು. ಉತ್ಪ್ರೇಕ್ಷೆಯಲ್ಲ, ಹಾರಿಹೋದ ಅಂಗಿಯ ಗುಂಡಿಯೇ ಸಾಕ್ಷಿ.

"ಅಂದ್ಹಂಗೆ," ಅಂಬುಜಮ್ಮ ಕೇಳಿದರು, "ಆ ಇಲವಾಲದ ಬಸ್ಸು?"

"ಅದು ನಿಜ. ಮನಸ್ಸಿನ ಡಾಕ್ಟ್ರು ಅಲ್ಲಿದ್ದಾರೆ. ಬಸ್ ಹತ್ತಿದ್ದು ನಾನು." ಗುಂಡಿಯಿಲ್ಲದ ಅಂಗಿಯನ್ನು ಅವರು ಎಳೆದುಕೊಂಡರು. "ನಿಂತ್ಕೊಂಡೇ ಹೋದೆ."