ಮಳೆ ತೊಳೆಯದ ಗೋಡೆ

ಸುಗ್ಗಿ ಮುಗಿದ ಮೇಲೆ ನಾವು ಊರ ಹೆಂಗಸರು ಭೂಮಿತಾಯಿ ಅಲಾಳ ಗುಡಿಗೋಡೆಗೆ ಹೊಸ ಮಣ್ಣು ಮೆತ್ತಿ ಉಲಿ ಚಿತ್ತಾರ ಬರೆಯುತ್ತೇವೆ. ಕಪ್ಪು, ಕೆಂಪು, ಬಿಳಿ ಗೆರೆಗಳು. ಮಳೆಗಾಲದಲ್ಲಿ ಎಲ್ಲ ತೊಳೆದುಹೋಗುತ್ತದೆ, ಮರುವರ್ಷ ಮತ್ತೆ ಬರೆಯುತ್ತೇವೆ. ಮೊದಲ ಗೆರೆ ಎಳೆಯುವ ಹಕ್ಕು ಒಬ್ಬಳದೇ. ಮೂವತ್ತು ವರ್ಷ ಅದು ನಮ್ಮೆಲ್ಲರಿಗೂ ಹಿರಿಯಳಾದ ಓಯಿದಿಯಾಳದಾಗಿತ್ತು. ಅವಳ ನಂತರ ನಾನು ಎಂದು ಅವಳೇ ಹೇಳಿದ್ದಳು. ನನಗೆ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು.

ಓಯಿದಿಯಾಳ ತಂಗಿಯ ಮಗಳು ಎಕೆಮ್ಮಾ ನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದವಳು. ದೊಡ್ಡಮ್ಮನ ಗೆರೆಗಳನ್ನೇ ಕ್ಯಾನ್ವಾಸಿಗೆ ಇಳಿಸಿ ಲಾಗೋಸ್, ಲಂಡನ್ ಎಲ್ಲ ಕಡೆ ಹೆಸರು ಮಾಡಿದಳು. ಉಂಡ ಮನೆ ಮರೆತವಳಲ್ಲ. ಹೋದಲ್ಲೆಲ್ಲ ದೊಡ್ಡಮ್ಮನ ಹೆಸರು ಹೇಳುತ್ತಿದ್ದಳು. ಹೋದ ವರ್ಷ ನಾವು ಬರೆದು ಮುಗಿಸಿದ ಮೇಲೆ ಡಬ್ಬಗಟ್ಟಲೆ ವಾರ್ನಿಷ್ ತಂದು ಗೋಡೆಗೆಲ್ಲ ಬಳಿದಳು. ಇನ್ನೆಂಥ ಮಳೆ ಬಂದರೂ ಅಳಿಯುವುದಿಲ್ಲ ಎಂದಳು. ನಾವೂ ಕೋಲೆಬಸವನಂತೆ ತಲೆಯಾಡಿಸಿದೆವು. ಓಯಿದಿಯಾ ಮಾತ್ರ ಕೈ ತೊಳೆಯಲು ಹೋದಳು.

ಆ ಮಳೆಗಾಲದಲ್ಲೇ ಅವಳು ತೀರಿಕೊಂಡಳು. ಈ ವರ್ಷ ಮಣ್ಣಿನ ಬುಟ್ಟಿ ಹೊತ್ತು ಹೋದರೆ ಗೋಡೆ ಮಿರಮಿರ ಮಿಂಚುತ್ತಿತ್ತು. ಮೆತ್ತಿದ ಮಣ್ಣೆಲ್ಲ ಜಾರಿ ಬಿತ್ತು. ಹಳೆಯದನ್ನು ಕೆರೆಯದೆ ದಾರಿಯಿರಲಿಲ್ಲ. ಹೆಂಗಸರೆಲ್ಲ ನನ್ನ ಮುಖ ನೋಡಿದರು. ಬಿಟ್ಟರೆ ಅಲಾಳ ಗೋಡೆಗೆ ಈ ವರ್ಷ ಉಲಿಯಿಲ್ಲ. ಕೆರೆದರೆ, ಮೊದಲ ಗೆರೆಯ ಆಸೆಗೆ ಸತ್ತವಳನ್ನು ಅಳಿಸಿದಳು ಎಂದು ಊರೇ ಆಡಿಕೊಳ್ಳುತ್ತದೆ. ಆದರೂ ಗುದ್ದಲಿ ತರಿಸಿದೆ.

ಸುದ್ದಿ ತಿಳಿದು ಎಕೆಮ್ಮಾ ಓಡಿ ಬಂದಳು. ದೊಡ್ಡಮ್ಮನ ಕೈಯದು ಉಳಿದಿರುವುದು ಇದೊಂದೇ, ಮುಟ್ಟಬೇಡಿ ಎಂದು ಗೋಡೆಗೆ ಅಡ್ಡ ನಿಂತಳು. ನನಗೆ ಸಿಟ್ಟು ನೆತ್ತಿಗೇರಿತು.

"ಅಲ್ವೇ, ಮೂವತ್ತು ವರ್ಷ ನಿಮ್ಮ ದೊಡ್ಡಮ್ಮ ಬರ್ದಿದ್ದನ್ನೆಲ್ಲ ಮಳೆ ತೊಳ್ಕೊಂಡು ಹೋಯ್ತು. ಒಂದಿನ ಆದ್ರೂ ಅತ್ತಿದ್ದು ನೋಡಿದ್ಯಾ?"

"ಇಲ್ಲ, ಚಿಕ್ಕಮ್ಮ."

"ಮಳೆ ಮಾಡೋ ಕೆಲ್ಸ ಕಣೇ ಇದು. ನಮ್ ಕೈಲಿ ಮಾಡಿಸ್ತಾ ಇದೀಯ."

ಅವಳು ಗೋಡೆಯ ಗೆರೆಯೊಂದರ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

"ಬೇರೆಯವ್ರು ಕೆರೆದ್ರೆ ನಂಗೆ ತಡಿಯಕ್ಕಾಗಲ್ಲ. ನಾನೇ ಕೆರೀತೀನಿ."

ಮಧ್ಯಾಹ್ನದವರೆಗೂ ಕೆರೆದಳು. ಕೊನೆಗೆ ಓಯಿದಿಯಾ ಬರೆದ ಹೆಬ್ಬಾವಿನ ಸುರುಳಿಯೊಂದು ಉಳಿದಾಗ ಅವಳ ಕೈ ಏಳಲಿಲ್ಲ. ನಾನೂ ಗುದ್ದಲಿಯ ಕಾವು ಹಿಡಿದೆ. ಇಬ್ಬರೂ ಸೇರಿ ಅದನ್ನು ಕೆರೆದೆವು.

ಹೊಸ ಮಣ್ಣು ಮೆತ್ತಿದೆವು. ಅದು ಒಣಗಿದ ದಿನ ನಾನು ಮೊದಲ ಗೆರೆ ಎಳೆದೆ. ಎಳೆದು, ಸರಿಯಾಗಿದೆಯಾ ಎಂದು ಕೇಳಲು ಪಕ್ಕಕ್ಕೆ ತಿರುಗಿದೆ. ಓಯಿದಿಯಾ ಇರಲಿಲ್ಲ. ಅವಳು ಸತ್ತ ದಿನವೂ ನಾನು ಅಷ್ಟು ಅತ್ತಿರಲಿಲ್ಲ.