ಚೌಕಟ್ಟಿನಾಚೆಯ ಕೈ

ಅಮ್ಮ ಬರೆದ ಚಿತ್ರಗಳಲ್ಲಿರುವ ಮಗು ನಾನೇ ಎಂದು ಊರೆಲ್ಲ ನಂಬಿದೆ. ನನಗೆ ಮಾತ್ರ ಗುಮಾನಿ. ನಾಳೆ ಅವಳ ತಾಯಿ-ಮಗು ಚಿತ್ರಗಳ ಪ್ರದರ್ಶನ. ಆ ತೋಳುಗಳಲ್ಲಿ ಬೆಳೆದ ಸುಖದ ಬಗ್ಗೆ ನಾನು ನಾಲ್ಕು ಮಾತಾಡಬೇಕಂತೆ. ನೆನಪೇ ಇಲ್ಲದ ಸುಖದ ಬಗ್ಗೆ ಏನಂತ ಮಾತಾಡಲಿ?

ನನ್ನ ಮಗಳು ಹುಟ್ಟುವವರೆಗೆ ಈ ಹುಳ ತಲೆಗೆ ಹೊಕ್ಕಿರಲಿಲ್ಲ. ಅವಳನ್ನು ಎತ್ತಿಕೊಂಡು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಮ್ಮನ ಚಿತ್ರದ ಮಗುವೋ, ಕೂದಲು ಎಳೆಯುವುದಿಲ್ಲ, ಕಾಲು ಒದೆಯುವುದಿಲ್ಲ. ಮುಖವಂತೂ ಒಂದರಲ್ಲೂ ಕಾಣದು, ತಾಯಿಯ ಎದೆಗೆ ಒತ್ತಿಕೊಂಡೇ ಇರುತ್ತದೆ. ಜಗತ್ತಿನ ಎಲ್ಲ ಮಕ್ಕಳೂ ಅದೇ ಮಗು ಎಂದು ವಿಮರ್ಶಕನೊಬ್ಬ ಬರೆದಿದ್ದ. ತಾಯಿಯ ಒಂದು ಕೈ ಮಗುವನ್ನು ಬಳಸಿದ್ದರೆ ಇನ್ನೊಂದು ಚೌಕಟ್ಟಿನಾಚೆ ಹೋಗಿರುತ್ತದೆ. ಅದು ಬಿಡುಗಡೆಗೆ ಚಾಚಿದ ಹೆಣ್ಣಿನ ಕೈ ಎಂದು ಅವಳ ಸ್ತ್ರೀವಾದಿ ಗೆಳತಿಯರು ಕೊಂಡಾಡಿದ್ದರು. ಆ ಕೈ ಅಲ್ಲಿ ಏನು ಮಾಡುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ.

ಇವತ್ತು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹೇಳದೆ ಕೇಳದೆ ಅಮ್ಮನ ಚಿತ್ರದ ಕೋಣೆಗೆ ನುಗ್ಗಿದೆ. ಚಿಕ್ಕವಳಿದ್ದಾಗ ನನ್ನನ್ನು ಬಿಟ್ಟುಕೊಳ್ಳದ ಕೋಣೆ ಅದು. ಅಮ್ಮ ನಿಲುವುಗನ್ನಡಿಯ ಮುಂದೆ ಕೂತು, ತನ್ನನ್ನೇ ನೋಡಿಕೊಳ್ಳುತ್ತಾ, ಪ್ರದರ್ಶನಕ್ಕೆಂದು ಹೊಸದಾಗಿ ಬರೆದ ಚಿತ್ರವನ್ನು ತಿದ್ದುತ್ತಿದ್ದಳು. ಒಂದು ಕೈಯಲ್ಲಿ ಕುಂಚ. ಇನ್ನೊಂದು ಕೈ ಎದೆಗೊತ್ತಿ ಹಿಡಿದದ್ದು ಹಳೇ ಶಾಲು ಸುತ್ತಿದ ದಿಂಬು.

ಅಂದರೆ ಇಷ್ಟು ವರ್ಷ ಜನ ಕಣ್ಣೀರಿಟ್ಟದ್ದು ದಿಂಬಿಗೆ. ನಗು ಬಂತು, ಅದರ ಹಿಂದೆಯೇ ಹೊಟ್ಟೆ ಉರಿಯಿತು. ದಿಂಬಿನ ಮೇಲೆ ಮತ್ಸರಪಡುವ ಹೆಂಗಸು ನಾನೊಬ್ಬಳೇ ಇರಬೇಕು.

"ಆ ಹಳೇ ಚಿತ್ರಗಳನ್ನ ಬರೆಯುವಾಗ ನಾನೆಲ್ಲಿದ್ದೆ?" ಎಂದೆ.

"ಬಾಗಿಲಾಚೆ, ಅಜ್ಜಿ ಹತ್ರ. ಅಳ್ತಿದ್ದೆ."

ಅಳು ಕೇಳಿಸಿಯೂ ಬಣ್ಣ ಹಚ್ಚುತ್ತಿದ್ದೆಯಾ ಎಂದು ಕೇಳಿದೆ. ಹೌದು ಎಂದಳು. ಒಮ್ಮೆ ಬಾಗಿಲು ತೆರೆದರೆ ಮತ್ತೆ ಮುಚ್ಚಲು ಮನಸ್ಸು ಬರುತ್ತಿರಲಿಲ್ಲವಂತೆ. ಹಾಗಾದರೆ ನನ್ನನ್ನು ಎತ್ತಿಕೊಂಡದ್ದಾದರೂ ಉಂಟಾ ಎಂದೆ.

"ದಿನಾ ಎತ್ಕೊತಿದ್ದೆ. ಆದ್ರೆ ನಿನ್ನನ್ನ ಎತ್ಕೊಂಡ್ರೆ ಎರಡು ಕೈಯೂ ಬೇಕಾಗ್ತಿತ್ತು ಕಣೇ. ಅದಕ್ಕೇ ಅದರ ಚಿತ್ರ ಇಲ್ಲ."

ಸಂದರ್ಶನ ಕೊಟ್ಟು ಕೊಟ್ಟು ಪಳಗಿದ ನಾಲಗೆ. ಇಂಥ ಮಾತುಗಳು ಅವಳ ಬಾಯಲ್ಲಿ ಸದಾ ಸಿದ್ಧ. ನಂಬಲೋ ಬೇಡವೋ ಎಂದು ಅವಳ ಮುಖವನ್ನೇ ನೋಡುತ್ತಿದ್ದಾಗ ಮಗಳು ರಚ್ಚೆ ಹಿಡಿದಳು. ಅಮ್ಮ ದಿಂಬನ್ನು ನೆಲಕ್ಕೆ ಹಾಕಿ ಎದ್ದಳು. ಮೊಮ್ಮಗಳತ್ತ ಒಂದು ಕೈ ಚಾಚಿದವಳು ಅಲ್ಲೇ ತಡೆದು, ಇನ್ನೊಂದು ಕೈಯನ್ನು ನೋಡಿಕೊಂಡಳು.

"ಇದನ್ನ ಸ್ವಲ್ಪ ಹಿಡ್ಕೋ," ಎಂದು ಹಸಿ ಕುಂಚವನ್ನು ನನಗೆ ಕೊಟ್ಟು, ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡಳು.

ಮಗಳು ಅವಳ ಕೂದಲು ಹಿಡಿದು ಜಗ್ಗಿದಳು. ಒಂದು ಕೈಯಾದರೂ ಕುಂಚಕ್ಕೆ ಚಾಚುತ್ತದೇನೋ ಎಂದು ನಾನು ಕನ್ನಡಿಯಲ್ಲಿ ನೋಡುತ್ತಾ ಕಾದು ನಿಂತೆ. ಚಾಚಲಿಲ್ಲ. ಬಣ್ಣ ನನ್ನ ಕೈಯಲ್ಲೇ ಒಣಗಿತು.